ಸ್ಟೂಬಾಯ್ ಬೆಟ್ಟಗಳಲ್ಲಿ ಸ್ಕೀ ಟೂರಿಂಗ್: ಬುಕಿಂಗ್‌ನಿಂದ ವಾಪಸ್ ಬರುವ ತನಕ

ಮೊನ್ನೆ ಭಾನುವಾರ ರಾತ್ರಿ ಮ್ಯೂನಿಕ್‌ಗೆ ವಾಪಸ್ ಬಂದೆವು. ತೊಡೆ ಇನ್ನೂ ಬಿಗಿದುಕೊಂಡಿದೆ, ಎಡಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ. ಎಲ್ಲ ಮರೆತುಹೋಗುವ ಮೊದಲೇ ಬರೆದಿಡುತ್ತಿದ್ದೇನೆ. ಹೋಗುವ ಮುಂಚೆ ಕನ್ನಡದಲ್ಲಿ ಯಾರಾದರೂ ಇದರ ಬಗ್ಗೆ ಬರೆದಿದ್ದಾರಾ ಅಂತ ನಾನೇ ಎಷ್ಟೋ ಹುಡುಕಿದ್ದೆ, ಏನೂ ಸಿಕ್ಕಿರಲಿಲ್ಲ.

ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಸ್ಕೀ ಟೂರಿಂಗ್‌ನಲ್ಲಿ ಲಿಫ್ಟ್ ಇರುವುದಿಲ್ಲ, ಹದ ಮಾಡಿಟ್ಟ ಇಳಿಜಾರೂ ಇರುವುದಿಲ್ಲ. ಸ್ಕೀಯ ತಳಕ್ಕೆ ಸ್ಕಿನ್ ಅನ್ನುವ ಪಟ್ಟಿ ಅಂಟಿಸಿಕೊಂಡು ಹತ್ತಬೇಕು. ಆ ಪಟ್ಟಿಯ ರೋಮ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಕಚ್ಚಿ ಹಿಡಿಯುತ್ತದೆ. ಹಿಂದೆ ಸೀಲ್ ಪ್ರಾಣಿಯ ಚರ್ಮ ಬಳಸುತ್ತಿದ್ದರಂತೆ, ಈಗ ಮೊಹೇರ್ (ಒಂದು ಬಗೆಯ ಮೇಕೆಯ ಉಣ್ಣೆ) ಅಥವಾ ನೈಲಾನ್. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನಲ್ಲಿ ಬೂಟಿನ ತುದಿ ಮಾತ್ರ ಸಿಕ್ಕಿಸಿರುವುದರಿಂದ ಹಿಮ್ಮಡಿ ಎತ್ತಿ ನಡೆಯಬಹುದು. ಮೇಲೆ ತಲುಪಿದ ಮೇಲೆ ಸ್ಕಿನ್ ಕಿತ್ತು, ಹಿಮ್ಮಡಿಯನ್ನೂ ಲಾಕ್ ಮಾಡಿ ಇಳಿಯುವುದು. ನಮ್ಮ ಈ ವಾರಾಂತ್ಯದಲ್ಲಿ ಜಾರಿ ಇಳಿದ ಹೊತ್ತನ್ನೆಲ್ಲ ಕೂಡಿಸಿದರೂ ಒಂದೂವರೆ ಗಂಟೆ ಆಗಲಿಕ್ಕಿಲ್ಲ. ಉಳಿದದ್ದೆಲ್ಲ ಹತ್ತುವುದು, ಕಾಯುವುದು, ಒಣಗಿಸುವುದು, ನಕಾಶೆ ಮುಂದೆ ಕೂತು ಹೋಗೋಣವೋ ಬೇಡವೋ ಅಂತ ಲೆಕ್ಕ ಹಾಕುವುದು. ಇದು ಮೊದಲೇ ಗೊತ್ತಿರಲಿ. ವಿಡಿಯೋಗಳಲ್ಲಿ ಕಾಣುವ ಪುಡಿಹಿಮದ ಹಾರಾಟವನ್ನಷ್ಟೇ ಮನಸ್ಸಲ್ಲಿಟ್ಟುಕೊಂಡು ಹೋದರೆ ಬಹಳ ನಿರಾಸೆಯಾಗುತ್ತದೆ.

ನಾವು ನಾಲ್ಕು ಜನ. ನಾನು, ಇಲ್ಲೇ ಇರುವ ನಮ್ಮ ಕಡೆಯ ಗಂಡ ಹೆಂಡತಿ ಇಬ್ಬರು, ಮತ್ತೆ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲೇ ಹುಟ್ಟಿ ಬೆಳೆದ ನನ್ನ ಸಹೋದ್ಯೋಗಿ ಗೆಳತಿ. ಅವಳಿಗೆ ಚಿಕ್ಕಂದಿನಿಂದ ಇದೇ ಅಭ್ಯಾಸ, ಹಿಮಕುಸಿತದ ತರಬೇತಿಗಳನ್ನೂ ಮುಗಿಸಿದ್ದಾಳೆ. ಅಂಥವರು ಜೊತೆಗಿಲ್ಲದಿದ್ದರೆ ದಯವಿಟ್ಟು ದುಡ್ಡು ಕೊಟ್ಟು ಬೆಟ್ಟದ ಗೈಡ್ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ನಾವು ಮೂವರಿಗೂ ರೆಸಾರ್ಟುಗಳ ಕೆಂಪು ಪಿಸ್ಟ್‌ನಲ್ಲಿ, ಅಂದರೆ ಹದ ಮಾಡಿಟ್ಟ ಮಧ್ಯಮ ಕಷ್ಟದ ಇಳಿಜಾರಿನಲ್ಲಿ, ಧೈರ್ಯವಾಗಿ ಇಳಿಯಲು ಬರುತ್ತಿತ್ತು. ಅದು ಕನಿಷ್ಠ ಅರ್ಹತೆ ಅಂತಲೇ ಹೇಳುತ್ತೇನೆ. ಪಿಸ್ಟ್ ಬಿಟ್ಟ ಹಿಮ ಒಂದೇ ಇಳಿಜಾರಿನಲ್ಲಿ ಮೂರು ಥರ ಇರುತ್ತದೆ.

ಆರಿಸಿಕೊಂಡ ಜಾಗ ಆಸ್ಟ್ರಿಯಾದ ಸ್ಟೂಬಾಯ್ ಆಲ್ಪ್ಸ್‌ನಲ್ಲಿರುವ ಫ್ರಾಂಝ್ ಸೆನ್ ಹಟ್. 2147 ಮೀಟರ್ ಎತ್ತರದಲ್ಲಿದೆ. ಫ್ರಾಂಝ್ ಸೆನ್ ಸ್ಟೂಬಾಯ್ ಕಣಿವೆಯ ನೊಯ್‌ಸ್ಟಿಫ್ಟ್ ಊರಲ್ಲಿ ಪಾದ್ರಿಯಾಗಿದ್ದವರು, 1869ರಲ್ಲಿ ಬೆಟ್ಟ ಹತ್ತುವವರ ಸಂಘವಾದ ಜರ್ಮನ್ ಆಲ್ಪೈನ್ ಕ್ಲಬ್ ಕಟ್ಟಿದವರಲ್ಲಿ ಒಬ್ಬರು. ಅವರು ತೀರಿಕೊಂಡದ್ದು 1884ರಲ್ಲಿ, ಮರುವರ್ಷವೇ ಈ ಹಟ್ ಎದ್ದಿತು. ಹಟ್ ಅಂದರೆ ಸಣ್ಣ ಗುಡಿಸಲು ಅಂದುಕೊಳ್ಳಬೇಡಿ. ಅಡುಗೆಮನೆ, ಊಟದ ಕೋಣೆಗಳು, ಬಟ್ಟೆ ಒಣಗಿಸುವ ಕೋಣೆ, ಸಾಲು ಹಾಸಿಗೆಯ ಡಾರ್ಮಿಟರಿ ಎಲ್ಲ ಇರುವ ದೊಡ್ಡ ಕಲ್ಲುಕಟ್ಟಡ. ಸುತ್ತಲಿನ ಶಿಖರಗಳಿಗೆ ಇಲ್ಲಿಂದಲೇ ಹೊರಡಬಹುದು. ಅದಕ್ಕೇ ಸ್ಕೀ ಟೂರಿಂಗ್ ಮಾಡುವವರಲ್ಲಿ ಇದಕ್ಕೆ ಅಷ್ಟು ಹೆಸರು.

ಮೊದಲ ಕಾಯುವಿಕೆ ಶುರುವಾಗಿದ್ದೇ ಬುಕಿಂಗ್‌ನಿಂದ. ಇಂಥ ಹಟ್‌ಗಳು ವರ್ಷಪೂರ್ತಿ ತೆರೆದಿರುವುದಿಲ್ಲ. ಸ್ಕೀ ಸೀಸನ್ ಫೆಬ್ರವರಿ ನಡುವಿನಿಂದ ಮೇ ಆರಂಭದ ತನಕ ಅಂತ ಇಟ್ಟುಕೊಳ್ಳಿ, ಮಾರ್ಚ್ ತಿಂಗಳ ವಾರಾಂತ್ಯಗಳು ಬಹಳ ಮುಂಚೆಯೇ ತುಂಬಿಹೋಗುತ್ತವೆ. ನಾವು ಬಯಸಿದ ಶನಿವಾರಕ್ಕೆ ನಾಲ್ಕು ಹಾಸಿಗೆ ಒಟ್ಟಿಗೆ ಸಿಗಲಿಲ್ಲ. ಆನ್‌ಲೈನ್ ವೇಟಿಂಗ್ ಲಿಸ್ಟ್‌ನಲ್ಲಿ ಹೆಸರು ಹಾಕಿ ಕೂತೆವು. ಯಾರೋ ರದ್ದು ಮಾಡಿದ್ದರಿಂದ ಒಂದು ಸಂಜೆ ಇಮೇಲ್ ಬಂತು. ಅದರಲ್ಲಿ ಹಣ ಕಟ್ಟಲು ಗಡುವು ಇರುತ್ತದೆ, ಆಫೀಸು ಮುಗಿಸಿ ನೋಡೋಣ ಅಂತ ಬಿಟ್ಟರೆ ಜಾಗ ಇನ್ನೊಬ್ಬರ ಪಾಲು. ಮುಂಗಡ ಎಷ್ಟು, ಯಾವ ದಿನದ ತನಕ ರದ್ದು ಮಾಡಿದರೆ ವಾಪಸ್ ಬರುತ್ತದೆ ಅನ್ನುವುದನ್ನು ಕಟ್ಟುವ ಮೊದಲೇ ಓದಿಕೊಳ್ಳಿ. ಹವಾಮಾನ ಕೆಟ್ಟರೆ ಹೋಗಬಾರದು ಅಂತ ತೀರ್ಮಾನಿಸುವಾಗ ಆ ಮುಂಗಡ ಹಣ ತಲೆಯೊಳಗೆ ಕೂತು ಕಾಡಬಾರದು. ನಮ್ಮ ಗೆಳತಿ ಬುಕ್ ಮಾಡಿದ ದಿನವೇ ಹೇಳಿದ್ದಳು, “ಈ ದುಡ್ಡು ಹೋಯಿತು ಅಂತಲೇ ಇಟ್ಟುಕೊಳ್ಳಿ, ಆಮೇಲೆ ತಲೆ ಸರಿಯಾಗಿ ಓಡುತ್ತದೆ.”

ಬುಕಿಂಗ್ ಫಾರ್ಮಿನಲ್ಲೇ ಆಲ್ಪೈನ್ ಕ್ಲಬ್ಬಿನ ಸದಸ್ಯತ್ವ ಇದೆಯಾ ಅಂತ ಕೇಳುತ್ತಾರೆ. ಇದ್ದವರಿಗೆ ಹಾಸಿಗೆಯ ದರ ಕಡಿಮೆ. ನಾವು ಮೂವರೂ ಆಸ್ಟ್ರಿಯಾದ ಕ್ಲಬ್ ಸೇರಿಕೊಂಡೆವು, ವರ್ಷಕ್ಕೆ ತಲಾ 70 ಯೂರೋ ಆಸುಪಾಸು ಬಂತು. ಹಾಸಿಗೆಯ ರಿಯಾಯಿತಿಗಿಂತ ಮುಖ್ಯವಾದ ಕಾರಣ ಇನ್ನೊಂದು. ಬೆಟ್ಟದಲ್ಲಿ ಮೋಜಿಗೆ ಹೋಗಿ ಕಾಲು ಮುರಿದುಕೊಂಡರೆ ಹೆಲಿಕಾಪ್ಟರ್ ಖರ್ಚನ್ನು ಮಾಮೂಲಿ ಆರೋಗ್ಯ ವಿಮೆ ಕೊಡುವುದಿಲ್ಲ, ಬಿಲ್ಲು ಸಾವಿರಾರು ಯೂರೋ ಆಗುತ್ತದೆ. ಈ ಸದಸ್ಯತ್ವದ ಜೊತೆ ಬರುವ ವಿಮೆಯಲ್ಲಿ ರಕ್ಷಣಾ ಖರ್ಚು 25,000 ಯೂರೋ ತನಕ ಸಿಗುತ್ತದೆ. ಹಣ ಕಟ್ಟಿದ ರಸೀದಿ ಮತ್ತು ಸದಸ್ಯತ್ವದ ಸಂಖ್ಯೆ ಇಟ್ಟುಕೊಂಡಿರಿ. ಪ್ಲಾಸ್ಟಿಕ್ ಕಾರ್ಡು ಅಂಚೆಯಲ್ಲಿ ಬರಲು ಹೊತ್ತಾಗುತ್ತದೆ. ನಮ್ಮ ಪೈಕಿ ಒಬ್ಬರ ಕಾರ್ಡು ಹೊರಡುವ ದಿನದ ತನಕ ಬರಲೇ ಇಲ್ಲ, ಇಮೇಲ್‌ನಲ್ಲಿ ಬಂದ ತಾತ್ಕಾಲಿಕ ಪತ್ರವನ್ನು ಪ್ರಿಂಟ್ ತೆಗೆದುಕೊಂಡು ಹೋದೆವು. ಹಟ್‌ನಲ್ಲಿ ಅದನ್ನೇ ಒಪ್ಪಿಕೊಂಡರು.

ಸಾಮಾನು ಬಾಡಿಗೆಗೆ ತಗೊಂಡೆವು. ಸ್ಕೀ, ಸ್ಕಿನ್, ಬೂಟು, ಕೋಲು ಸೇರಿ ವಾರಾಂತ್ಯಕ್ಕೆ ಸುಮಾರು 90 ಯೂರೋ. ಹಿಮದಡಿ ಹೂತವರನ್ನು ಹುಡುಕುವ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲಾದ ಪ್ರೋಬ್, ಸಲಿಕೆ ಈ ಮೂರರ ಸೆಟ್ಟಿಗೆ ಬೇರೆ 30. ಬಾಡಿಗೆಗೆ ಹೋಗುವಾಗ ಅರ್ಧ ದಿನ ಇಟ್ಟುಕೊಳ್ಳಿ, ಅಂಗಡಿ ಮುಚ್ಚುವ ಹೊತ್ತಿಗೆ ಹೋಗಬೇಡಿ. ಬೂಟಿನ ಅಳತೆ ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆದು ಕೊಡುವುದು, ನಿಮ್ಮ ಚಪ್ಪಲಿ ನಂಬರಿಗೂ ಅದಕ್ಕೂ ಸಂಬಂಧ ಇಲ್ಲ. ಹಾಕಿಕೊಂಡು ಕನಿಷ್ಠ ಇಪ್ಪತ್ತು ನಿಮಿಷ ಅಂಗಡಿಯೊಳಗೇ ಓಡಾಡಿ, ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ನಿಂತಾಗ ಹಾಯೆನಿಸುವ ಬೂಟು ನಡೆಯುವಾಗ ಹಿಮ್ಮಡಿ ಎತ್ತಿ ಎತ್ತಿ ಉಜ್ಜುತ್ತದೆ.

ಸ್ಕಿನ್ ವಿಷಯದಲ್ಲಿ ನಮಗೊಂದು ತೊಡಕು ಎದುರಾಯಿತು. ಗೆಳತಿ ಹೇಳಿದ್ದಕ್ಕೆ ಅಂಗಡಿಯಲ್ಲೇ ಚೀಲ ಬಿಚ್ಚಿ ಸ್ಕೀಗೆ ಅಂಟಿಸಿ ನೋಡಿದರೆ, ಒಂದು ಜೊತೆ ಸ್ಕಿನ್ ಬೇರೆ ಯಾವುದೋ ಅಗಲ ಸ್ಕೀಗೆ ಕತ್ತರಿಸಿದ್ದು. ಸ್ಕೀಯ ಎರಡೂ ಬದಿಯ ಕಬ್ಬಿಣದ ಅಂಚು ಕೂದಲೆಳೆಯಷ್ಟಾದರೂ ಹೊರಗೆ ಕಾಣಬೇಕು, ಇಲ್ಲದಿದ್ದರೆ ಗಟ್ಟಿ ಹಿಮದ ಓರೆಯಲ್ಲಿ ಅಂಚು ಕಚ್ಚುವುದಿಲ್ಲ. ಅದು ಪೂರ್ತಿ ಮುಚ್ಚಿಹೋಗಿತ್ತು. ಬದಲಿಸಿ ಕೊಟ್ಟರು, ಆದರೆ ಬೆಟ್ಟದ ಬುಡದಲ್ಲಿ ಇದು ಗೊತ್ತಾಗಿದ್ದರೆ ಒಬ್ಬರ ವಾರಾಂತ್ಯವೇ ಹೋಗುತ್ತಿತ್ತು. ಅಂಟು ಸರಿಯಿದೆಯಾ ಅಂತಲೂ ಅಲ್ಲೇ ನೋಡಿ. ಅಂಟಿಸಿ ಕಿತ್ತಾಗ ಸ್ಕೀ ತಳದಲ್ಲಿ ಅಂಟಿನ ಚೂರು ಉಳಿದರೆ ಆ ಸ್ಕಿನ್ ಬೇಡ ಅನ್ನಿ. ಜೊತೆಗೆ ಹಾರ್ಶ್‌ಐಸನ್ ಅಂತ ಕೇಳಿ ತಗೊಳ್ಳಿ. ಮುಂಜಾನೆಯ ಗಡ್ಡೆಕಟ್ಟಿದ ಹಿಮದಲ್ಲಿ ಬೈಂಡಿಂಗ್ ಕೆಳಗೆ ಸಿಕ್ಕಿಸುವ ಹಲ್ಲಿನ ತಗಡು ಅದು.

ದಾಖಲೆಗಳ ಬಗ್ಗೆ ನಮ್ಮಂಥವರಿಗಾಗಿ ಒಂದು ಮುಖ್ಯ ವಿಷಯ. ಜರ್ಮನಿ ಆಸ್ಟ್ರಿಯಾ ಎರಡೂ ಷೆಂಗೆನ್ (ಗಡಿ ತಪಾಸಣೆಯಿಲ್ಲದೆ ಓಡಾಡಬಹುದಾದ ದೇಶಗಳ ಗುಂಪು) ಒಳಗೇ ಇವೆ, ಆದರೂ ಆಸ್ಟ್ರಿಯಾದಿಂದ ಒಳಬರುವ ದಾರಿಯಲ್ಲಿ ಜರ್ಮನಿ 2015ರಿಂದ ತಪಾಸಣೆ ನಡೆಸುತ್ತ ಬಂದಿದೆ. ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಎರಡರ ಮೂಲಪ್ರತಿಯೂ ಬೇಕು, ಮೊಬೈಲಿನಲ್ಲಿರುವ ಫೋಟೋ ನಡೆಯುವುದಿಲ್ಲ. ಅವನ್ನು ಹಟ್‌ಗೂ ಹೊತ್ತುಕೊಂಡು ಹೋಗಬೇಕಾಗುತ್ತದೆ, ನೀರು ಹೋಗದ ಜಿಪ್ ಕವರಿನಲ್ಲಿ ಹಾಕಿ ಬ್ಯಾಗಿನ ಒಳಜೇಬಲ್ಲಿಡಿ. ಕಾರಿನಲ್ಲಿ ಹೋಗುವವರಿಗೆ ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್ ಬೇಕು, ಅಂದರೆ ಹೆದ್ದಾರಿ ಶುಲ್ಕ ಕಟ್ಟಿದ ಗುರುತು. ಇನ್ಸ್‌ಬ್ರುಕ್ ದಾಟಿ ಸ್ಟೂಬಾಯ್ ಕಡೆ ತಿರುಗುವ ಬ್ರೆನ್ನರ್ ಹೆದ್ದಾರಿಗೆ ಅದು ಲೆಕ್ಕಕ್ಕಿಲ್ಲ, ಅಲ್ಲಿ ಬೇರೆ ಟೋಲ್. ನವೆಂಬರ್ 1ರಿಂದ ಏಪ್ರಿಲ್ 15ರ ತನಕ ರಸ್ತೆಯಲ್ಲಿ ಹಿಮವಿದ್ದರೆ ಚಳಿಗಾಲದ ಟೈರು ಕಡ್ಡಾಯ. ಬಾಡಿಗೆ ಕಾರು ತಗೊಳ್ಳುವವರು ಇದನ್ನು ಬಾಯಿಬಿಟ್ಟು ಕೇಳಿ.

ಶುಕ್ರವಾರ ರಜೆ ಹಾಕಿ ಬೆಳಗಿನ ಜಾವವೇ ಹೊರಟೆವು. ನೊಯ್‌ಸ್ಟಿಫ್ಟ್ ಹತ್ತಿರ ಮಿಲ್ಡರ್ಸ್ ಅನ್ನುವಲ್ಲಿ ಓಬರ್‌ಬೆರ್ಗ್ ಕಣಿವೆಗೆ ತಿರುಗಿ, ಸೆಡುಕ್ ಎಂಬಲ್ಲಿ ಕಾರು ನಿಲ್ಲಿಸಿದೆವು. ಅಲ್ಲಿಂದ ಮುಂದೆ ಸ್ಕೀ ಮೇಲೆಯೇ. ಓಬರ್‌ಇಸ್ ಆಲ್ಮ್ ಎಂಬ ಬೆಟ್ಟದ ಹುಲ್ಲುಗಾವಲಿನ ತನಕ ನಿಧಾನ ಏರು, ಅಲ್ಲಿಂದ ಹಟ್‌ಗೆ ಕಡಿದಾದ ಏರು. ಓಬರ್‌ಇಸ್‌ನಿಂದ ಹಟ್‌ಗೆ ಸಾಮಾನು ಏರಿಸುವ ರೋಪ್‌ವೇ ಇದೆ. ನೀವು ಹೋಗುವ ದಿನ ಓಡುತ್ತದೆಯಾ, ಎಷ್ಟು ಹೊತ್ತಿಗೆ ಓಡುತ್ತದೆ ಅಂತ ಹಿಂದಿನ ದಿನವೇ ಹಟ್‌ಗೆ ಫೋನ್ ಮಾಡಿ ತಿಳಿದುಕೊಳ್ಳಿ. ಹಾಗೆಯೇ ಹಟ್‌ಗೆ ಹೋಗುವ ದಾರಿಯೂ ಹಿಮಕುಸಿತದ ಜಾಗಗಳ ಕೆಳಗೇ ಹಾದುಹೋಗುತ್ತದೆ. ಟೂರ್ ಶುರುವಾಗುವುದು ಹಟ್‌ನಿಂದ ಅಂತ ಅಂದುಕೊಂಡಿದ್ದ ನಮಗೆ ಗೆಳತಿ ಕಾರ್ ಪಾರ್ಕಿಂಗ್‌ನಲ್ಲೇ ಟ್ರಾನ್ಸೀವರ್ ಹಾಕಿಸಿದಳು.

ಟ್ರಾನ್ಸೀವರ್ ಅಂದರೆ ಎದೆಗೆ ಬಿಗಿದುಕೊಳ್ಳುವ ಸಣ್ಣ ಯಂತ್ರ. ಎಲ್ಲ ಕಂಪನಿಯವೂ 457 ಕಿಲೋಹರ್ಟ್ಸ್ ಎಂಬ ಒಂದೇ ರೇಡಿಯೋ ಅಲೆಯಲ್ಲಿ ಸಂಕೇತ ಕಳಿಸುತ್ತವೆ, ಹಿಮದಡಿ ಸಿಕ್ಕವರನ್ನು ಉಳಿದವರ ಯಂತ್ರ ಹುಡುಕುತ್ತದೆ. ಹೊರಡುವಾಗ ಒಬ್ಬರು ಮುಂದೆ ಹೋಗಿ ನಿಂತು ತಮ್ಮದನ್ನು ಹುಡುಕುವ ಸ್ಥಿತಿಯಲ್ಲಿಡಬೇಕು, ಉಳಿದವರು ಅಂತರ ಬಿಟ್ಟು ಒಬ್ಬೊಬ್ಬರಾಗಿ ಎದುರು ಹಾದುಹೋಗಬೇಕು. ಪ್ರತಿ ದಿನ ಬೆಳಿಗ್ಗೆ ಇದನ್ನು ಮಾಡಲೇಬೇಕು. ಮೊಬೈಲನ್ನು ಯಂತ್ರದಿಂದ ಕನಿಷ್ಠ 20 ಸೆಂಟಿಮೀಟರ್ ದೂರ, ಹುಡುಕುವಾಗ 50 ಸೆಂಟಿಮೀಟರ್ ದೂರ ಇಡಬೇಕು. ನಾನು ಮೊಬೈಲನ್ನು ಪ್ಯಾಂಟಿನ ಜೇಬಿಗೆ ಹಾಕಿ ಏರೋಪ್ಲೇನ್ ಮೋಡ್‌ನಲ್ಲಿಟ್ಟೆ, ಬ್ಯಾಟರಿಯೂ ಉಳಿಯಿತು.

ಸುಮಾರು 700 ಮೀಟರ್ ಏರು, ನಮಗೆ ಮೂರೂವರೆ ಗಂಟೆ ಹಿಡಿಯಿತು. ಹೊರಡುವಾಗ ಚಳಿ ಅಂತ ಜಾಕೆಟ್ ಹಾಕಿಕೊಂಡೇ ಹತ್ತಬೇಡಿ. ಹತ್ತು ನಿಮಿಷದಲ್ಲಿ ಬೆವರು ಇಳಿಯುತ್ತದೆ, ನಿಂತ ಕೂಡಲೇ ಅದೇ ಬೆವರು ಮೈ ಕೊರೆಯುತ್ತದೆ. ಸ್ವಲ್ಪ ನಡುಗುತ್ತಲೇ ಹೊರಡುವುದು ಸರಿ. ಸ್ಕೀಯನ್ನು ಎತ್ತಿ ಇಡಬಾರದು, ನೆಲಕ್ಕೆ ತಾಗಿಸಿಯೇ ಮುಂದಕ್ಕೆ ಎಳೆಯಬೇಕು. ಕಡಿದಾದ ಕಡೆ ಅಂಕುಡೊಂಕಾಗಿ ಹೋಗಿ, ಪ್ರತಿ ತಿರುವಿನಲ್ಲೂ ಕಿಕ್ ಟರ್ನ್ ಹಾಕಬೇಕು. ಮೊದಲ ತಿರುವುಗಳಲ್ಲಿ ನಾನು ಎಷ್ಟೋ ಹೊತ್ತು ನಿಂತುಬಿಟ್ಟೆ. ಕೆಳಗಿನ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ, ಮೇಲಿನ ಸ್ಕೀಯನ್ನು ಎತ್ತಿ ಹೊಸ ದಿಕ್ಕಿಗೆ ತಿರುಗಿಸಿ ಇಡುತ್ತೇವೆ. ಆಗ ಎರಡು ಪಾದ ಎರಡು ದಿಕ್ಕಿಗೆ, ಬೆನ್ನ ಹಿಂದೆ ಇಳಿಜಾರು. ಭಾರವನ್ನು ಹೊಸ ಸ್ಕೀಗೆ ವರ್ಗಾಯಿಸಿ, ಉಳಿದ ಕಾಲಿನ ಹಿಮ್ಮಡಿಯಿಂದ ಸ್ಕೀಯ ಬಾಲವನ್ನು ಬೂಟಿಗೆ ಬಡಿಯುವಂತೆ ಒದ್ದರೆ ಅದರ ಮೂತಿ ತಾನೇ ಮೇಲೆದ್ದು ಸುತ್ತಿ ಬರುತ್ತದೆ. ಆ ಕೊನೆಯ ಒದೆತ ಕೈಗೂಡುವ ತನಕ ಮೂತಿ ಹಿಮದಲ್ಲಿ ಸಿಕ್ಕಿಕೊಳ್ಳುತ್ತಲೇ ಇರುತ್ತದೆ. ಮನೆಯ ಹತ್ತಿರ ಯಾವುದಾದರೂ ಸಮತಟ್ಟು ಹಿಮ ಸಿಕ್ಕರೆ ಇದೊಂದನ್ನು ಅಭ್ಯಾಸ ಮಾಡಿಕೊಂಡು ಹೋಗಿ, ಬಹಳ ಅನುಕೂಲ.

ಮಧ್ಯಾಹ್ನದ ಹೊತ್ತಿಗೆ ಹಟ್ ಮುಟ್ಟಿ, ಸ್ಕೀ ಬೂಟುಗಳನ್ನು ಅವುಗಳ ಕೋಣೆಯಲ್ಲೇ ಬಿಟ್ಟು ಒಳಗೆ ಹೋದೆವು. ಒಳಗೆ ಓಡಾಡಲು ಹಗುರ ಚಪ್ಪಲಿ ಬೇಕು. ಹಾಸಿಗೆಗೆ ತೆಳು ಹಟ್ ಸ್ಲೀಪಿಂಗ್ ಬ್ಯಾಗ್ ಕಡ್ಡಾಯ, ಕಂಬಳಿ ಅವರೇ ಕೊಡುತ್ತಾರೆ. ಸದಸ್ಯರಿಗೆ ಡಾರ್ಮಿಟರಿ ಹಾಸಿಗೆ, ರಾತ್ರಿ ಊಟ, ಬೆಳಗಿನ ತಿಂಡಿ ಎಲ್ಲ ಸೇರಿ ಒಬ್ಬರಿಗೆ ಒಂದು ರಾತ್ರಿಗೆ 65 ಯೂರೋ ಸಮೀಪ ಬಂತು. ನಗದು ಇಟ್ಟುಕೊಂಡಿರಿ. ಸಸ್ಯಾಹಾರಿಗಳು ಬುಕಿಂಗ್ ವೇಳೆಯೇ ಬರೆದು, ಹೋದ ಮೇಲೆ ಇನ್ನೊಮ್ಮೆ ಹೇಳಿ. ಟಿರೋಲ್‌ನ ಕ್ನೋಡೆಲ್ ಉಂಡೆಗಳಲ್ಲಿ ಹಂದಿಮಾಂಸದ ಸ್ಪೆಕ್ ಇರುವುದೇ ಹೆಚ್ಚು. ಚೀಸಿನ ಉಂಡೆ ಅಂತ ತಗೊಂಡರೂ ಅದು ತೇಲುತ್ತಿರುವ ಸಾರು ಸಾಮಾನ್ಯವಾಗಿ ಗೋಮಾಂಸದ್ದು. ಬೇಕಾದರೆ ಉಂಡೆಯನ್ನು ಸಾರಿಲ್ಲದೆ ಕೊಡಿ ಅಂತ ಕೇಳಬಹುದು, ನಮ್ಮ ಗೆಳೆಯನಿಗೆ ಸಂತೋಷವಾಗಿ ಕೊಟ್ಟರು.

ಊಟದ ಮುಂಚೆ, ದಣಿದಿದ್ದರೂ ಸರಿ ಅಂತ ಗೆಳತಿ ನಮ್ಮನ್ನು ಹೊರಗೆ ಎಳೆದುಕೊಂಡು ಹೋದಳು. ಒಂದು ಟ್ರಾನ್ಸೀವರನ್ನು ಚೀಲದಲ್ಲಿ ಸುತ್ತಿ ಎಲ್ಲೋ ಹೂತು, ಹುಡುಕಿ ಅಂದಳು. ಬಾಣದ ಗುರುತು ಹಿಡಿದು ಓಡುವುದು, ಹತ್ತಿರವಾದಂತೆ ಯಂತ್ರವನ್ನು ಹಿಮಕ್ಕೆ ತಾಗುವಷ್ಟು ಕೆಳಗೆ ಹಿಡಿದು ಅಡ್ಡಡ್ಡ ಸರಿಸಿ ಎಲ್ಲಕ್ಕಿಂತ ಸಣ್ಣ ಸಂಖ್ಯೆ ಬರುವ ಜಾಗ ಗೊತ್ತುಮಾಡುವುದು, ಅಲ್ಲಿಂದ ಸುತ್ತು ಸುತ್ತಾಗಿ ಪ್ರೋಬ್ ಚುಚ್ಚುತ್ತ ಹೋಗುವುದು. ತಾಗಿದ ಕೂಡಲೇ ಪ್ರೋಬ್ ಕೀಳಬಾರದು. ಅದನ್ನು ಅಲ್ಲೇ ಬಿಟ್ಟು, ಇಳಿಜಾರಿನ ಕೆಳಬದಿಯಿಂದ ಅಗೆಯಬೇಕು. ಅಗೆತವೇ ಎಲ್ಲಕ್ಕಿಂತ ಹೊತ್ತು ತಿನ್ನುವ ಕೆಲಸ ಅನ್ನುವುದು ಸಲಿಕೆ ಹಿಡಿದ ಮೇಲೆ ತಿಳಿಯುತ್ತದೆ. ನಾವು ಚೀಲ ಹೊರತೆಗೆಯುವ ಹೊತ್ತಿಗೆ ಹತ್ತು ನಿಮಿಷ ದಾಟಿತ್ತು. ಮೊದಲ ಹತ್ತು ನಿಮಿಷದೊಳಗೆ ತೆಗೆದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬದುಕುತ್ತಾರೆ, ಆಮೇಲೆ ಆ ಪ್ರಮಾಣ ಧಡಕ್ಕನೆ ಇಳಿಯುತ್ತದೆ. ಗೆಳತಿ ಗಡಿಯಾರ ತೋರಿಸಿದಾಗ ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಕತ್ತಲಾಗುವ ತನಕ ಮತ್ತೆ ಮತ್ತೆ ಮಾಡಿದೆವು, ಹೊತ್ತು ಅರ್ಧಕ್ಕಿಳಿಯಿತು.

ಸಂಜೆ 5 ಗಂಟೆಗೆ ಮರುದಿನದ ಹಿಮಕುಸಿತ ಬುಲೆಟಿನ್ ಬರುತ್ತದೆ. ಟಿರೋಲ್, ದಕ್ಷಿಣ ಟಿರೋಲ್, ಟ್ರೆಂಟಿನೊ ಮೂರೂ ಸೇರಿ ಹೊರಡಿಸುತ್ತವೆ, ಇಂಗ್ಲಿಷಿನಲ್ಲೂ ಇರುತ್ತದೆ. ಅಪಾಯಕ್ಕೆ 1ರಿಂದ 5ರ ತನಕ ಮಟ್ಟ. 1993ರಿಂದ ಯುರೋಪಿನಾದ್ಯಂತ ಇದೇ ಅಳತೆ. ಮೂರು ಅಂದರೆ ಐದರಲ್ಲಿ ಮಧ್ಯದ್ದು, ಪರವಾಗಿಲ್ಲ ಅಂತ ಓದಿಕೊಳ್ಳಬೇಡಿ. ಮೂರು ಅಂದರೆ ಒಬ್ಬನೇ ಒಬ್ಬ ಸ್ಕೀಯರಿನ ಭಾರಕ್ಕೇ ಇಳಿಜಾರು ಕಳಚಬಹುದು ಅಂತ ಅರ್ಥ. ಸಂಖ್ಯೆಯ ಕೆಳಗಿನ ವಿವರವನ್ನು ಪೂರ್ತಿ ಓದಿ. ಯಾವ ಎತ್ತರದ ಮೇಲೆ, ಯಾವ ದಿಕ್ಕಿನ ಇಳಿಜಾರಲ್ಲಿ, ಯಾವ ಕಾರಣಕ್ಕೆ ಅಪಾಯ ಅನ್ನುವುದೆಲ್ಲ ಅಲ್ಲಿರುತ್ತದೆ. ಹೊಸ ಹಿಮ, ಗಾಳಿ ತಂದು ಕಟ್ಟಿದ ಹಿಮ, ಹಳೆಯ ದುರ್ಬಲ ಪದರ, ಒದ್ದೆ ಹಿಮ, ನೆಲದಿಂದಲೇ ಜಾರುವ ಹಿಮ ಅಂತ ಐದು ಕಾರಣ ಹೇಳುತ್ತಾರೆ.

ಶನಿವಾರಕ್ಕೆ 2 ಇತ್ತು. ಫೋರ್ಡೆರೆ ಸೊಮ್ಮರ್‌ವಾಂಡ್ ಎಂಬ 2676 ಮೀಟರಿನ ಶಿಖರ ಆರಿಸಿಕೊಂಡೆವು. ಹಟ್‌ನಿಂದ ಐನೂರು ಚಿಲ್ಲರೆ ಮೀಟರ್ ಏರು, ಮೊದಲ ಸಲದವರಿಗೆ ಸಾಕುಬೇಕಾಗುವಷ್ಟು. ಎಲ್ಲಿಗೆ ಹೋಗುತ್ತೇವೆ ಅಂತ ಹಟ್‌ನ ಪುಸ್ತಕದಲ್ಲಿ ಬರೆದೆವು. ಇದನ್ನು ತಪ್ಪಿಸಬೇಡಿ, ಸಂಜೆ ಬಾರದಿದ್ದರೆ ಹುಡುಕಲು ಹೊರಡುವವರಿಗೆ ಅದೊಂದೇ ದಿಕ್ಕು. ಆಸ್ಟ್ರಿಯಾದಲ್ಲಿ ಬೆಟ್ಟದ ರಕ್ಷಣಾ ತಂಡದ ನಂಬರು 140, ಯುರೋಪಿನ ಎಲ್ಲೆಡೆ 112.

ಮೇಲೆ ಗಾಳಿ ಇತ್ತು. ಅಲ್ಲಿ ಸ್ಕಿನ್ ಕೀಳುವುದೇ ಒಂದು ಕೆಲಸ. ಒಂದು ತುದಿ ಹಿಡಿದು ಎಳೆದರೆ ಪಟ್ಟಿ ಗಾಳಿಗೆ ಪಟಪಟ ಬಡಿದುಕೊಳ್ಳುತ್ತದೆ, ಅಂಟಿನ ಮೈಗೆ ಪುಡಿಹಿಮ ಮೆತ್ತಿಕೊಂಡರೆ ಮತ್ತೆ ಅಂಟುವುದಿಲ್ಲ. ಅರ್ಧ ಕಿತ್ತು ಅಂಟಿಗೆ ಅಂಟು ಸೇರಿಸಿ ಮಡಚಿ, ಆಮೇಲೆ ಉಳಿದರ್ಧ ಕೀಳಬೇಕು. ಮಡಚಿದ್ದನ್ನು ಬ್ಯಾಗಿಗೆ ಹಾಕದೆ ಜಾಕೆಟಿನ ಒಳಗೆ ಹೊಟ್ಟೆಗೆ ತಾಗಿಸಿ ಇಟ್ಟುಕೊಂಡರೆ ಅಂಟು ಬೆಚ್ಚಗಿರುತ್ತದೆ. ಕೈಗವಸು ತೆಗೆದು ಮಾಡಬೇಡಿ, ತೆಳುವಾದದ್ದೊಂದು ಒಳಗೆ ಇರಲಿ. ಇಳಿಯುವಾಗ ಒಬ್ಬೊಬ್ಬರಾಗಿ, ಒಬ್ಬರು ಸುರಕ್ಷಿತ ಜಾಗ ಮುಟ್ಟಿ ಕೈ ಎತ್ತಿದ ಮೇಲೆ ಇನ್ನೊಬ್ಬರು. ಮೇಲಿನ ಅರ್ಧದಲ್ಲಿ ನಿಜವಾದ ಪುಡಿಹಿಮ ಸಿಕ್ಕಿತು. ಮೊಣಕಾಲಿನ ತನಕ ಹಗುರ ಹಿಮ, ಸ್ಕೀಯ ಸದ್ದೇ ಇಲ್ಲ. ಗೆಳತಿಯ ಹಿಂದೆ ಅವಳ ಗೆರೆಯ ಪಕ್ಕದಲ್ಲೇ ತಿರುವು ಹಾಕುತ್ತ ಬಂದು ಕೆಳಗೆ ನಿಂತಾಗ ನನಗೆ ಕಣ್ಣು ತುಂಬಿ ಬಂತು. ಇಷ್ಟು ದಿನದ ಓಡಾಟ, ಅಭ್ಯಾಸ, ಖರ್ಚು ಎಲ್ಲಕ್ಕೂ ಆ ಕೆಲವು ನಿಮಿಷ ಸಾಕು ಅನ್ನಿಸಿತು.

ಆ ಮಧ್ಯಾಹ್ನದಿಂದ ಮೋಡ ಕಟ್ಟಿ ಹಿಮ ಬೀಳತೊಡಗಿತು, ಗಾಳಿ ಜೋರಾಯಿತು. 5 ಗಂಟೆಯ ಬುಲೆಟಿನ್‌ನಲ್ಲಿ ಮಟ್ಟ 3. ಕಾರಣ ಗಾಳಿ ತಂದ ಹಿಮ, ಜೊತೆಗೆ ನೆರಳಿನ ಇಳಿಜಾರುಗಳಲ್ಲಿ ಹಳೆಯ ದುರ್ಬಲ ಪದರ. ಭಾನುವಾರ ಹಿಮನದಿಯ ಕಡೆ ಹೋಗಿ ಮೂರು ಸಾವಿರ ಮೀಟರ್ ದಾಟುವ ಆಸೆ ಇತ್ತು, ಅದಕ್ಕಾಗಿ ಹಗ್ಗ, ಹಾರ್ನೆಸ್ ಎಲ್ಲ ಹೊತ್ತುಕೊಂಡು ಬಂದಿದ್ದೆವು. ಊಟದ ಮೇಜಿನ ಮೇಲೆ ನಕಾಶೆ ಹರಡಿ ಇಳಿಜಾರಿನ ಕೋನ ನೋಡಿದೆವು. ವೆರ್ನರ್ ಮುಂಟರ್ ಎಂಬ ಸ್ವಿಸ್ ಗೈಡ್ 1990ರ ದಶಕದಲ್ಲಿ ರೂಪಿಸಿದ ಒಂದು ಸರಳ ಮಿತಿ ಇದೆ: ಮಟ್ಟ 2 ಇದ್ದಾಗ 40 ಡಿಗ್ರಿಗಿಂತ ಕಡಿದಾದ ಕಡೆ ಬೇಡ, 3 ಇದ್ದಾಗ 35, 4 ಇದ್ದಾಗ 30. ಮೊದಲ ಸಲದವರು ಜೊತೆಗಿದ್ದಾರೆ, ನಾವು 30ರ ಒಳಗೇ ಇರೋಣ ಅಂದಳು ಗೆಳತಿ. ಹಾಗೆ ನೋಡಿದರೆ ದೊಡ್ಡ ಶಿಖರಗಳೆಲ್ಲ ಪಟ್ಟಿಯಿಂದ ಬಿದ್ದುಹೋದವು.

“ಇಷ್ಟು ದೂರ ಬಂದಿದ್ದೀವಿ, ಬೆಳಿಗ್ಗೆ ಎದ್ದು ಆಕಾಶ ನೋಡಿ ಹೇಳೋಣ ಕಣೇ,” ಅಂದ ಗೆಳೆಯ. ಅವನ ಹೆಂಡತಿ, “ಆಕಾಶ ಚೆನ್ನಾಗಿದ್ರೆ ಕೆಳಗಿನ ಪದರ ಗಟ್ಟಿಯಾಗುತ್ತಾ? ಸುಮ್ನಿರಿ,” ಅಂದಳು. ಅವನಿಗೆ ಬೇಜಾರಾಗಿತ್ತು, ಈ ಸೀಸನ್‌ನಲ್ಲಿ ಅವನಿಗೆ ಮತ್ತೆ ರಜೆ ಇರಲಿಲ್ಲ. ಇಂಥ ಮಾತು ರಾತ್ರಿಯೇ ಹಟ್‌ನಲ್ಲಿ ಕೂತು ಆಗಿಬಿಡುವುದು ಒಳ್ಳೆಯದು. ಬೆಳಿಗ್ಗೆ ಬಿಸಿಲಿನಲ್ಲಿ, ಬೇರೆ ಗುಂಪುಗಳು ಹೊರಡುತ್ತಿರುವಾಗ, ಬೇಡ ಅನ್ನುವುದು ಬಹಳ ಕಷ್ಟ. ಹತ್ತು ಗಂಟೆಗೆ ದೀಪ ಆರಿಸಿ ಮಲಗಬೇಕು, ಅದು ಹಟ್‌ಗಳ ನಿಯಮ. ಡಾರ್ಮಿಟರಿಯಲ್ಲಿ ಗೊರಕೆ ಇದ್ದೇ ಇರುತ್ತದೆ, ಕಿವಿಗೆ ಇಯರ್‌ಪ್ಲಗ್ ಮರೆಯಬೇಡಿ.

ಭಾನುವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಒಳಕಣಿವೆಯ ಕಡೆ ತಗ್ಗಿನ ಜಾಗದಲ್ಲೇ ಒಂದಷ್ಟು ದೂರ ಹೋಗಿ ಬರೋಣ ಅಂತ ಹೊರಟೆವು. ಒಂದು ಗಂಟೆ ಆಗಿತ್ತೇನೋ. ಬಹುತೇಕ ಸಮತಟ್ಟು ಜಾಗ. ಮುಂದೆ ಗೆಳತಿ, ಹಿಂದೆ ನಾನು. ಕಾಲ ಕೆಳಗೆ “ವೂಂಫ್” ಅಂತ ಒಂದು ದಪ್ಪ ಸದ್ದು, ಅದರೊಟ್ಟಿಗೆ ನಾನು ನಿಂತಿದ್ದ ಹಿಮ ಒಂದು ಬೆರಳಿನಷ್ಟು ಕುಸಿದು ಕೂತಿತು. ನನ್ನ ಸ್ಕೀಯ ಮೂತಿಯಿಂದ ಎಡಕ್ಕೆ ತೆಳುವಾದ ಬಿರುಕೊಂದು ಓಡಿ ಹೋದದ್ದು ಕಣ್ಣಿಗೆ ಕಂಡಿತು. ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತು ಅಂದರೆ ಟ್ರಾನ್ಸೀವರಿನ ಬೆಲ್ಟ್ ಅಲುಗುವುದು ಗೊತ್ತಾಗುತ್ತಿತ್ತು. ಗೆಳತಿ ಹಿಂತಿರುಗಿ ನೋಡಿ ಮೊದಲು ಕೇಳಿದ್ದು, “ಮೇಲಿನ ಇಳಿಜಾರು ಹೇಗಿದೆ?” ಅಂತ.

ಆ ಸದ್ದಿಗೆ ಕಾರಣ ಹಿಮದೊಳಗೆ ಹೂತಿರುವ ದುರ್ಬಲ ಪದರ. ನಮ್ಮ ಭಾರಕ್ಕೆ ಅದು ಮುರಿದು, ಮೇಲಿನ ಗಟ್ಟಿ ಹಾಸು ಒಮ್ಮೆಲೇ ಕೂರುತ್ತದೆ. ಸಮತಟ್ಟಿನಲ್ಲಿ ಆದದ್ದರಿಂದ ನಾವು ಜಾರಲಿಲ್ಲ. ಆದರೆ ಆ ಮುರಿತ ಪದರದ ಉದ್ದಕ್ಕೂ ಹರಿದು, ದೂರದಲ್ಲಿರುವ ಕಡಿದಾದ ಇಳಿಜಾರನ್ನೂ ಕಳಚಬಲ್ಲದು. ಅಂದರೆ ನಾವು ಕಡಿದಾದ ಜಾಗದಲ್ಲಿಲ್ಲ ಅನ್ನುವುದೊಂದೇ ಸಾಲದು, ಅಂಥದ್ದರ ಕೆಳಗೂ ಇರಬಾರದು. ವೂಂಫ್ ಸದ್ದು, ಓಡುವ ಬಿರುಕು, ಸುತ್ತ ಆಗಷ್ಟೇ ಬಿದ್ದಿರುವ ಹಿಮಕುಸಿತ: ಈ ಮೂರರಲ್ಲಿ ಒಂದು ಕಂಡರೂ ಬೆಟ್ಟವೇ ಬೇಡ ಅಂತ ಹೇಳುತ್ತಿದೆ ಅಂತ ಗೆಳತಿ ಆಮೇಲೆ ವಿವರಿಸಿದಳು. ಅಲ್ಲಿ ಆ ಗಳಿಗೆಯಲ್ಲಿ ಮಾತ್ರ ಅವಳು ಹೇಳಿದ್ದು ಇಷ್ಟೇ, “ಬಂದ ಗೆರೆಯಲ್ಲೇ ವಾಪಸ್. ಅಂತರ ಬಿಟ್ಟು.” ಗೆಳೆಯನೂ ಒಂದು ಮಾತಾಡದೆ ತಿರುಗಿದ. ಹಟ್ ತಲುಪಿ ಚಹಾ ಮುಂದಿಟ್ಟುಕೊಂಡು ಕೂತಾಗ ಅವನೇ, “ನಿನ್ನೆ ರಾತ್ರಿ ನೀವಿಬ್ಬರೂ ಹೇಳಿದ್ದು ಸರಿ,” ಅಂದ. ನಮಗಿಂತ ಮುಂಚೆ ಹೊರಟಿದ್ದ ಇನ್ನೊಂದು ಗುಂಪೂ ಸ್ವಲ್ಪ ಹೊತ್ತಿಗೆ ಹಿಂತಿರುಗಿ ಬಂತು. ನಾವು ಕೇಳಿದ್ದನ್ನು ಎಲ್ಲಿ, ಎಷ್ಟು ಹೊತ್ತಿಗೆ ಅಂತ ಹಟ್ ನೋಡಿಕೊಳ್ಳುವವರಿಗೆ ಹೇಳಿದೆವು. ನೀವೂ ಹೇಳಿ, ಮುಂದೆ ಹೋಗುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಕಣಿವೆಗೆ ಇಳಿಯುವುದನ್ನು ಬಿಸಿಲು ಏರುವ ಮೊದಲೇ ಮುಗಿಸಿದೆವು. ಮೇಲೆ ಹೊಸ ಹಿಮ, ಕೆಳಗೆ ಬಂದಂತೆ ಮೇಲ್ಪದರ ಗಾಜಿನಂತೆ ಗಡಸಾಗಿ ಕಾಲಿಟ್ಟಲ್ಲಿ ಒಡೆಯುವ ಹಿಮ. ಅದರಲ್ಲಿ ತಿರುವು ಹಾಕುವುದು ಪಿಸ್ಟ್‌ನಲ್ಲಿ ಕಲಿತವರಿಗೆ ಬಹಳ ಕಷ್ಟ, ಮೊಣಕಾಲು ತಿರುಚಿಕೊಳ್ಳುವುದು ಇಂಥಲ್ಲೇ. ಓರೆಯಾಗಿ ಜಾರಿ, ನಿಂತು, ತಿರುಗಿ, ಮತ್ತೆ ಓರೆಯಾಗಿ ಜಾರಿ ಬಂದೆವು. ಒಂದು ಕಡೆ ಸ್ಕೀ ಕಳಚಿ ಬ್ಯಾಗಿಗೆ ಕಟ್ಟಿ ನಡೆದೇ ಇಳಿದೆವು. ಸೆಡುಕ್‌ನಲ್ಲಿ ಕಾರಿನ ಡಿಕ್ಕಿ ತೆರೆದು ಬೂಟು ಬಿಚ್ಚಿದಾಗ ಆದ ಸಮಾಧಾನ ಹೇಳತೀರದು.

ಗಡಿಯಲ್ಲಿ ಭಾನುವಾರ ಸಂಜೆಯ ಸಾಲು ಉದ್ದ ಇತ್ತು, ಒಂದು ಗಂಟೆಗೂ ಹೆಚ್ಚು ನಿಂತೆವು. ಗೆಳತಿಯ ಕಾರ್ಡನ್ನು ಒಂದು ಕ್ಷಣ ನೋಡಿ ಕೊಟ್ಟರು, ನಮ್ಮ ಮೂವರ ಪಾಸ್‌ಪೋರ್ಟು, ಪರ್ಮಿಟ್ ಎರಡನ್ನೂ ತಗೊಂಡು ಹೋಗಿ ನೋಡಿ ತಂದರು. ಸೋಮವಾರ ಬೆಳಿಗ್ಗೆ ಮೀಟಿಂಗ್ ಇಟ್ಟುಕೊಂಡವರು ಈ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.

ಖರ್ಚು ಒಬ್ಬರಿಗೆ ಹೀಗೆ ಬಂತು: ಹಟ್ ಎರಡು ರಾತ್ರಿಗೆ 130, ಸಾಮಾನು ಬಾಡಿಗೆ 120, ಕಾರು, ಟೋಲ್, ಪಾರ್ಕಿಂಗ್ ಹಂಚಿಕೊಂಡದ್ದು 40ರ ಹತ್ತಿರ, ಚಹಾ ಕಾಫಿ ತಿಂಡಿ 30. ಸದಸ್ಯತ್ವ ಸೇರಿದರೆ 400 ಯೂರೋಗೆ ಸ್ವಲ್ಪ ಕಡಿಮೆ. ಗೈಡ್ ಬೇಕಾದವರಿಗೆ ಇದರ ಮೇಲೆ ಬೇರೆ, ಅದನ್ನು ನಾಲ್ಕೈದು ಜನ ಸೇರಿ ಹಂಚಿಕೊಂಡರೆ ಕೈಗೆಟುಕುತ್ತದೆ. ಬಾಡಿಗೆ ಸಾಮಾನು ಹಿಂದಿರುಗಿಸುವ ಮೊದಲು ಸ್ಕಿನ್‌ಗಳನ್ನು ಹೀಟರಿನ ಮೇಲಲ್ಲ, ನೆರಳಲ್ಲಿ ನೇತುಹಾಕಿ ಒಣಗಿಸಿ. ಟ್ರಾನ್ಸೀವರ್ ಆಫ್ ಮಾಡಿದ್ದೀರಾ ಅಂತ ನೋಡಿ ಕೊಡಿ. ಮುಂದಿನ ಸೀಸನ್‌ಗೆ ಹೋಗಬೇಕು ಅಂತಿರುವವರು ಹಟ್‌ನ ಬುಕಿಂಗ್ ಯಾವಾಗ ತೆರೆಯುತ್ತದೆ ಅಂತ ಈಗಲೇ ಕೇಳಿಟ್ಟುಕೊಳ್ಳಿ, ಹಿಮಕುಸಿತದ ತರಬೇತಿಗೆ ಡಿಸೆಂಬರ್ ಒಳಗೇ ಹೆಸರು ಕೊಡಿ. ನಾವು ಮೂವರೂ ಆ ತರಬೇತಿಗೆ ಹೆಸರು ಬರೆಸಿಯಾಗಿದೆ.